ಎಲ್ಲ ಹಲ್ಲೂ ಹೋಗುವ ಹೊತ್ತಿಗೆ



ಬಾಯಲ್ಲಿ ಉಳಿದಿರುವುದೇ ಹತ್ತು ಹನ್ನೆರಡು ಹಲ್ಲು. ಅದರಲ್ಲಿ ಅರ್ಧ ಅಲ್ಲಾಡುತ್ತಿವೆ, ಎರಡರ ಬುಡದಲ್ಲಿ ಕೀವು, ಮೂರು ನಾಲ್ಕು ಕಡೆ ಬೇರಿನ ಚೂರು ಮಾತ್ರ. ಹಿಂದಿನ ದವಡೆ ಹಲ್ಲುಗಳು ಯಾವ ಕಾಲಕ್ಕೋ ಹೋಗಿವೆ. ಇಂಥ ಬಾಯಿಗೆ ಮೊದಲು ಒಂದೇ ಉತ್ತರವಿತ್ತು: ಎಲ್ಲ ಕೀಳಿಸು, ಎರಡು ಮೂರು ತಿಂಗಳು ಬೊಚ್ಚುಬಾಯಲ್ಲಿ ಮೆತ್ತನೆ ಅನ್ನ ಕಲಸಿ ನುಂಗು, ಆಮೇಲೆ ಸೆಟ್ ಕಟ್ಟಿಸಿಕೊ. ಈಗ ಹಿರಿಯರನ್ನು ಕರೆತರುವ ಮಗನೋ ಮಗಳೋ ಮೊಬೈಲಿನಲ್ಲಿ ಜಾಹೀರಾತು ತೆರೆದುಕೊಂಡೇ ಒಳಗೆ ಬರುತ್ತಾರೆ. ಮೂರೇ ದಿನದಲ್ಲಿ ಪೂರ್ತಿ ಫಿಕ್ಸೆಡ್ ಹಲ್ಲು, ಜೀವನಪರ್ಯಂತ ಗ್ಯಾರಂಟಿ, ಕೆಳಗೆ ತಿಂಗಳ ಕಂತಿನ ಲೆಕ್ಕ. "ಇದನ್ನ ಮಾಡಿಬಿಡ್ರಿ ಸರ, ಅಪ್ಪಾಗ ಇನ್ನ ತ್ರಾಸು ಬ್ಯಾಡ" ಎನ್ನುತ್ತಾರೆ. ಅಪ್ಪ ಕುರ್ಚಿಯಲ್ಲಿ ಒರಗಿಕೊಂಡು ಮೇಲಿನ ದೀಪ ನೋಡುತ್ತಿರುತ್ತಾರೆ. ಅವರ ಪ್ರಶ್ನೆ ಬೇರೆ. ಕಡೆಗೊಮ್ಮೆ ಬಾಯಿಬಿಟ್ಟು ಕೇಳುತ್ತಾರೆ: "ರೊಟ್ಟಿ ತಿನ್ನಾಕ ಬರತೈತೇನ್ರಿ ಸಾಹೇಬ್ರ?"

ಹಲ್ಲಿನ ಸೆಟ್ ಕಟ್ಟುವುದು, ಅದನ್ನು ಹುಡುಗರಿಗೆ ಕಲಿಸುವುದು ನನ್ನ ಕಸುಬು. ಧಾರವಾಡದ ಸೀಮೆಯಲ್ಲಿ ಈ ಕಸುಬಿನವರಿಗೆ ನಿಜವಾದ ಪರೀಕ್ಷೆ ಇಡುವುದು ಜೋಳದ ಖಡಕ್ ರೊಟ್ಟಿ. ಹಳೇ ಮೈಸೂರಿನ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹಾಗಾಗಿ ಅಲ್ಲಿಯವರು ಹಲ್ಲಿಲ್ಲದೆಯೂ ಬಹಳ ದಿನ ಸುಧಾರಿಸಿಕೊಂಡು ಹೋಗುತ್ತಾರೆ ಎಂದು ನಾವು ಇಲ್ಲಿ ತಮಾಷೆ ಮಾಡುವುದುಂಟು.

ಜಾಹೀರಾತಿನ ಆ ಫಿಕ್ಸೆಡ್ ಹಲ್ಲು ನಿಲ್ಲುವುದು ಇಂಪ್ಲಾಂಟ್ ಮೇಲೆ, ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ಸ್ಕ್ರೂ ಮೇಲೆ. ಇಂಪ್ಲಾಂಟ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಮುಗಿದು ಬಹಳ ಕಾಲವಾಯಿತು. ಒಳ್ಳೆಯದು. ಚರ್ಚೆ ಉಳಿದಿರುವುದು ಯಾರಿಗೆ, ಎಷ್ಟು, ಯಾವಾಗ ಎಂಬುದರ ಬಗ್ಗೆ. ಸಡಿಲವಾದ ಸೆಟ್ಟಿಗೂ ಲಕ್ಷಗಟ್ಟಲೆ ಖರ್ಚಿನ ಪೂರ್ತಿ ಫಿಕ್ಸೆಡ್ ಬಾಯಿಗೂ ನಡುವೆ ಒಂದು ದಾರಿ ಇದೆ. ಅದರ ಬಗ್ಗೆ ನಮ್ಮಲ್ಲಿ ಮಾತೇ ಆಗುವುದಿಲ್ಲ. ಅಲ್ಲಿಗೆ ಬರುವ ಮೊದಲು, ಹಲ್ಲು ಹೋಗುವುದು ಹೇಗೆ ಎಂಬಲ್ಲಿಂದ ಶುರುಮಾಡೋಣ.

ನಡುವಯಸ್ಸು ದಾಟಿದವರಲ್ಲಿ ಹಲ್ಲು ಸಾಲುಸಾಲಾಗಿ ಹೋಗುವುದು ಹೆಚ್ಚಾಗಿ ವಸಡಿನ ಕಾಯಿಲೆಯಿಂದ. ಹಳಬರು ಪಯೋರಿಯಾ ಎನ್ನುತ್ತಿದ್ದದ್ದು ಇದನ್ನೇ. ಹುಳುಕು ಹಲ್ಲು ನೋಯುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ, ಕೈಹಿಡಿದು ವೈದ್ಯರ ಹತ್ತಿರ ಎಳೆದು ತರುತ್ತದೆ. ವಸಡಿನ ಕಾಯಿಲೆಗೆ ಅಷ್ಟು ಸೌಜನ್ಯವಿಲ್ಲ. ಹಲ್ಲುಜ್ಜುವಾಗ ಸ್ವಲ್ಪ ರಕ್ತ, ಬೆಳಿಗ್ಗೆ ಬಾಯಿ ವಾಸನೆ, ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಬಿದ್ದ ಸಂದು. ಇಷ್ಟೇ ಸೂಚನೆ. ಒಳಗೆ ಹಲ್ಲನ್ನು ಹಿಡಿದ ಮೂಳೆ ವರ್ಷಗಟ್ಟಲೆ ಕರಗುತ್ತಿರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಬೇಗ ಕರಗುತ್ತದೆ, ತಂಬಾಕು ಸೇರಿದರೆ ಇನ್ನೂ ಬೇಗ. ತಂಬಾಕು ರಕ್ತನಾಳಗಳನ್ನು ಬಿಗಿಯುವುದರಿಂದ ವಸಡಿನಿಂದ ರಕ್ತವೂ ಕಡಿಮೆ ಬರುತ್ತದೆ. ಹಾಗಾಗಿ ತಂಬಾಕು ಹಾಕುವವರಿಗೆ ತಮ್ಮ ವಸಡು ಗಟ್ಟಿಯಾಗಿದೆ ಎಂಬ ಭ್ರಮೆ.

ಜೊತೆಗೆ ನಮ್ಮ ಜನರ ಎರಡು ನಂಬಿಕೆಗಳು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದೊಂದು. ಅದಕ್ಕೆ ಯಾವ ಆಧಾರವೂ ಇಲ್ಲ. ಹಲ್ಲು ಹೋಗುವ ವಯಸ್ಸು, ಕಣ್ಣಿಗೆ ಪೊರೆ ಬರುವ ವಯಸ್ಸು ಒಂದೇ ಆಗಿರುವುದರಿಂದ ಹುಟ್ಟಿದ ಮಾತು ಅದು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬುದು ಇನ್ನೊಂದು. ಮೂಳೆ ಕರಗಿದ ಹಲ್ಲನ್ನು ಅಷ್ಟು ದಿನ ಅಲ್ಲಾಡದಂತೆ ಹಿಡಿದಿದ್ದದ್ದು ಸುತ್ತ ಗಟ್ಟಿಕಟ್ಟಿದ ಪಾಚಿ. ಅದನ್ನು ತೆಗೆದಾಗ ಇದ್ದ ಸಡಿಲ ತಿಳಿಯುತ್ತದೆ, ಅಷ್ಟೆ. ಮೊದಲನೆಯ ನಂಬಿಕೆ ಕೀಳಬೇಕಾದ ಹಲ್ಲನ್ನು ಉಳಿಸುತ್ತದೆ, ಎರಡನೆಯದು ಉಳಿಸಬಹುದಾಗಿದ್ದ ಹಲ್ಲನ್ನು ಕೀಳಿಸುತ್ತದೆ.

ಈಗ ಮೂರನೆಯದೊಂದು ಸೇರಿದೆ: "ಹೇಗೂ ಇಂಪ್ಲಾಂಟ್ ಇದೆಯಲ್ಲ, ಎಲ್ಲ ತೆಗೆದುಬಿಡಿ." ಇದನ್ನು ಹೇಳುವವರು ರೋಗಿಗಳು ಮಾತ್ರವಲ್ಲ, ನಮ್ಮವರೂ ಹೇಳುತ್ತಾರೆ. ಬಾಯನ್ನು ಪೂರ್ತಿ ಬರಿದು ಮಾಡಿದರೆ ಇಂಪ್ಲಾಂಟ್ ಕೆಲಸ ವೈದ್ಯರಿಗೆ ಸುಲಭ, ಲೆಕ್ಕವೂ ದೊಡ್ಡದು. ಆದರೆ ಕಿತ್ತ ಹಲ್ಲು ಮತ್ತೆ ಬರುವುದಿಲ್ಲ. ನಿಮಗೆ ಎಲ್ಲ ಹಲ್ಲು ತೆಗೆಯಬೇಕು ಎಂದು ಯಾರಾದರೂ ಹೇಳಿದರೆ ಪ್ರತಿ ಹಲ್ಲಿನ ಮುಂದೆ ಕಾರಣ ಬರೆಸಿಕೊಳ್ಳಿ. ಮೂಳೆ ಎಷ್ಟು ಉಳಿದಿದೆ, ಹುಳುಕು ಎಲ್ಲಿಯವರೆಗೆ ಹೋಗಿದೆ, ರೂಟ್ ಕೆನಾಲ್ ಮಾಡಿದರೆ ನಿಲ್ಲುತ್ತದೆಯೇ? ಆ ಚೀಟಿ ಹಿಡಿದು ಇನ್ನೊಬ್ಬರ ಹತ್ತಿರ ಹೋಗಿ. ಕೆಳದವಡೆಯ ಕೋರೆಹಲ್ಲುಗಳ ಬಗ್ಗೆಯಂತೂ ಎರಡು ಸಲ ಕೇಳಿ. ಕೋರೆಹಲ್ಲಿನ ಬೇರು ಬಾಯಲ್ಲೇ ಉದ್ದದ್ದು. ಮಿಕ್ಕವೆಲ್ಲ ಹೋದ ಮೇಲೂ ಅದು ನಿಂತಿರುವುದನ್ನು ನೀವೇ ಹಿರಿಯರ ಬಾಯಲ್ಲಿ ನೋಡಿರುತ್ತೀರಿ. ತಲೆ ಮುರಿದಿದ್ದರೂ ಬೇರು ಗಟ್ಟಿಯಿದ್ದರೆ ರೂಟ್ ಕೆನಾಲ್ ಮಾಡಿ, ವಸಡಿನ ಮಟ್ಟಕ್ಕೆ ತರಿದು, ಅದರ ಮೇಲೆ ಸೆಟ್ ಕೂರಿಸಬಹುದು. ಬೇರು ಇರುವವರೆಗೆ ಸುತ್ತಲಿನ ಮೂಳೆಯೂ ಇರುತ್ತದೆ. ಕಡಿಮೆ ಖರ್ಚಿನ, ಹಳೆಯ, ಒಳ್ಳೆಯ ಉಪಾಯ ಇದು.

ಮೂಳೆಯ ಮಾತು ಬಂದದ್ದರಿಂದ ಅದನ್ನು ಇನ್ನಷ್ಟು ಹೇಳಬೇಕು. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆಯನ್ನು ಶರೀರ ಸಾಕುವುದಿಲ್ಲ, ಕರಗಿಸುತ್ತದೆ. ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಆಂಟ್ಯೆ ಟಾಲ್ಗ್ರೆನ್ ಎಂಬ ಸಂಶೋಧಕಿ ಪೂರ್ತಿ ಸೆಟ್ ಹಾಕಿಕೊಂಡವರ ದವಡೆಗಳನ್ನು 25 ವರ್ಷ ಎಕ್ಸ್-ರೇ ತೆಗೆಯುತ್ತ ಹಿಂಬಾಲಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಶಾಖೆಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸುಮಾರು 4 ಪಟ್ಟು ಹೆಚ್ಚು ಸವೆದಿತ್ತು.

ಮೇಲಿನ ಸೆಟ್ ಅಂಗುಳನ್ನೆಲ್ಲ ಮುಚ್ಚಿ ಗಾಳಿಯ ಬಿಗಿತದಲ್ಲಿ ಅಂಟಿಕೊಳ್ಳುತ್ತದೆ. ಎಷ್ಟೋ ಜನ ಅದನ್ನು ಹಾಕಿಕೊಂಡದ್ದೇ ಮರೆತಿರುತ್ತಾರೆ. ಕೆಳಗಿನದಕ್ಕೆ ಆ ಅನುಕೂಲವಿಲ್ಲ. ನಡುವೆ ನಾಲಗೆ, ಹೊರಗೆ ಕೆನ್ನೆ, ಇವೆರಡರ ನಡುವೆ ಒಂದು ಕಿರಿದಾದ ದಿಂಡಿನ ಮೇಲೆ ಅದು ಕೂರಬೇಕು. ಆ ದಿಂಡೂ ಸವೆದು ಚೂಪಾದರೆ ಮಾತಾಡಿದರೆ ಸೆಟ್ ಏಳುತ್ತದೆ, ಅಗಿದರೆ ಜಾರುತ್ತದೆ. ಶೇಂಗಾದ ಚೂರೊಂದು ಅಡಿಗೆ ಸೇರಿದರೆ ಕಣ್ಣಲ್ಲಿ ನೀರು. ಅಜ್ಜಂದಿರು ಮೇಲಿನ ಸೆಟ್ ಬಾಯಲ್ಲಿಟ್ಟುಕೊಂಡು, ಕೆಳಗಿನದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮದುವೆ ಮನೆಗೆ ಹೋಗುವುದು ಇದಕ್ಕೇ. ಊಟಕ್ಕೆ ಕೂತಾಗ ಅವರು ತಲೆ ತಗ್ಗಿಸಿ ಪಾಯಸ ಮಾತ್ರ ತಿನ್ನುತ್ತಿರುತ್ತಾರೆ.

ಈ ತೊಂದರೆಗೆ ಉತ್ತರ ಬಂದದ್ದು ಹಲ್ಲಿನ ಗೊಡವೆಯೇ ಇಲ್ಲದ ಕಡೆಯಿಂದ. 1952ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ವೈದ್ಯರು ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ನೋಡುತ್ತಿದ್ದರು. ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನ ಸಣ್ಣ ಕೊಳವೆ ಕೂರಿಸಿ, ಅದರ ಮೂಲಕ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ವಿಧಾನ. ಪ್ರಯೋಗ ಮುಗಿದ ಮೇಲೆ ಆ ಕೊಳವೆ ತೆಗೆದು ಮತ್ತೆ ಬಳಸಬೇಕು, ಯಾಕೆಂದರೆ ಅದು ಅಗ್ಗದ ಸಾಮಾನಲ್ಲ. ತೆಗೆಯಲು ಹೋದರೆ ಬರಲೊಲ್ಲದು. ಮೂಳೆ ಬೆಳೆದು ಲೋಹವನ್ನು ಹಿಡಿದುಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಉಪಕರಣ ಹಾಳಾಯಿತೆಂದು ಬೈದುಕೊಂಡು ಮುಂದಕ್ಕೆ ಹೋಗುತ್ತಿದ್ದರೋ ಏನೋ. ಬ್ರೋನೆಮಾರ್ಕ್ ರಕ್ತದ ಹರಿವನ್ನು ಪಕ್ಕಕ್ಕಿಟ್ಟು ಈ ಹಿಡಿತದ ಬೆನ್ನುಹತ್ತಿದರು.

ಸಾಮಾನ್ಯವಾಗಿ ಹೊರಗಿನ ವಸ್ತು ಶರೀರದೊಳಗೆ ಹೋದರೆ ಶರೀರ ಅದರ ಸುತ್ತ ನಾರಿನ ಪೊರೆ ಕಟ್ಟಿ ದೂರವಿಡುತ್ತದೆ. ಟೈಟಾನಿಯಂ ಗಾಳಿಗೆ ಒಡ್ಡಿದ ಕ್ಷಣದಲ್ಲೇ ತನ್ನ ಮೇಲೆ ಆಕ್ಸೈಡಿನ ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಆ ಪದರ ಕರಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮೂಳೆಯ ಕೋಶಗಳು ಅದಕ್ಕೆ ನೇರವಾಗಿ ಅಂಟಿ ಬೆಳೆಯುತ್ತವೆ. ಬ್ರೋನೆಮಾರ್ಕ್ 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಯೋಸ್ಟಾ ಲಾರ್ಸನ್ ಎಂಬ 34 ವರ್ಷದ ಗಂಡಸು, ಹುಟ್ಟಿನಿಂದಲೇ ಸೀಳು ಅಂಗುಳು, ಸೊಟ್ಟ ದವಡೆ, ಕೆಳಗೆ ಹಲ್ಲೇ ಇಲ್ಲ. ಅವರ ಕೆಳದವಡೆಗೆ 4 ಇಂಪ್ಲಾಂಟ್ ಹಾಕಿ ಹಲ್ಲು ಕಟ್ಟಿದರು. ಲಾರ್ಸನ್ 2006ರಲ್ಲಿ ತೀರಿಕೊಂಡಾಗ ಆ ಇಂಪ್ಲಾಂಟುಗಳು ಇನ್ನೂ ಕೆಲಸ ಮಾಡುತ್ತಿದ್ದವು.

ಆದರೂ ದಂತವೈದ್ಯ ಲೋಕ ಬಹಳ ದಿನ ನಂಬಲಿಲ್ಲ. ಅದಕ್ಕೆ ಮೊದಲು ಬೇರೆ ಬೇರೆ ಲೋಹದ ತಗಡು, ಪಟ್ಟಿಗಳನ್ನು ದವಡೆಗೆ ಹೊಡೆದು ಕೈಸುಟ್ಟುಕೊಂಡವರು ಬಹಳ ಮಂದಿ. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ವರ್ಷಗಳ ದಾಖಲೆ ಮುಂದಿಟ್ಟ ಮೇಲೆಯೇ ಉತ್ತರ ಅಮೆರಿಕದವರು ಒಪ್ಪಿದ್ದು. ಬ್ರೋನೆಮಾರ್ಕ್ 2014ರವರೆಗೆ ಬದುಕಿದ್ದರು.

ಕೆಲಸ ಹೇಗೆ ನಡೆಯುತ್ತದೆ? ಇಂಪ್ಲಾಂಟ್ ಎಂದರೆ ಟೈಟಾನಿಯಂನ ಒಂದು ಸ್ಕ್ರೂ. ದಪ್ಪ ಸುಮಾರು 4 ಮಿಲಿಮೀಟರ್, ಉದ್ದ 10ರಿಂದ 12. ಮೊದಲು ದವಡೆಯ ಸ್ಕ್ಯಾನ್. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಹಾದುಹೋಗುತ್ತದೆ. ಅದಕ್ಕೆ ತಗುಲಿದರೆ ತುಟಿ, ಗಲ್ಲ ಜೋಮು ಹಿಡಿದಂತೆ ಉಳಿದುಬಿಡಬಹುದು. ಮೇಲ್ದವಡೆಯ ಹಿಂದೆ ಸೈನಸ್ಸಿನ ಟೊಳ್ಳು. ಇವೆರಡನ್ನೂ ತಪ್ಪಿಸಿ ಎಲ್ಲಿ, ಎಷ್ಟು ಆಳ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಸಾಕು. ವಸಡು ಬಿಡಿಸಿ ಸಣ್ಣ ಡ್ರಿಲ್ಲಿನಿಂದ ಶುರುಮಾಡಿ, ಒಂದಾದ ಮೇಲೊಂದು ದಪ್ಪ ಡ್ರಿಲ್ ಬದಲಿಸುತ್ತ ತೂತು ಅಗಲಿಸುತ್ತೇವೆ. ಉದ್ದಕ್ಕೂ ತಣ್ಣನೆಯ ಸಲೈನ್ ನೀರು ಸುರಿಯುತ್ತಲೇ ಇರಬೇಕು. ಮೂಳೆ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಒಂದು ನಿಮಿಷ ನಿಂತರೆ ಸಾಕು, ಅಲ್ಲಿನ ಕೋಶಗಳು ಸಾಯುತ್ತವೆ. ಸತ್ತ ಮೂಳೆ ಏನನ್ನೂ ಹಿಡಿಯುವುದಿಲ್ಲ. ವಿದ್ಯಾರ್ಥಿಗಳಿಗೆ ನಾನು ಹೇಳುವುದು, ಅವಸರ ಮಾಡಬೇಡಿ, ಡ್ರಿಲ್ಲನ್ನು ಒತ್ತಬೇಡಿ, ಎತ್ತಿ ಎತ್ತಿ ಇಳಿಸಿ. ಒಳಗಿನಿಂದ ಬರುವ ಪುಡಿ ಬೆಳ್ಳಗೆ, ರಕ್ತದಲ್ಲಿ ನೆನೆದು ಗುಲಾಬಿಯಾಗಿ ಬಂದರೆ ಸರಿ. ಕಡೆಗೆ ಸ್ಕ್ರೂವನ್ನು ಕೈಯ ಸಣ್ಣ ಪಾನಾದಲ್ಲಿ ತಿರುಗಿಸುವಾಗ ಮೂಳೆಯ ಗುಣ ಬೆರಳಿಗೆ ಗೊತ್ತಾಗುತ್ತದೆ. ಕೆಳದವಡೆಯ ಮುಂಭಾಗದಲ್ಲಿ ಕೊನೆಯ ಎರಡು ಸುತ್ತು ಬಿಗಿದು ಮಣಿಕಟ್ಟು ನೋಯುತ್ತದೆ. ಮೇಲಿನ ಹಿಂಭಾಗದಲ್ಲಿ ಏನೂ ತಡೆಯಿಲ್ಲದೆ ಸಲೀಸಾಗಿ ಇಳಿದುಬಿಡುತ್ತದೆ. ಸಲೀಸಾಗಿ ಇಳಿಯುವುದು ಒಳ್ಳೆಯ ಲಕ್ಷಣವಲ್ಲ.

ಬ್ರೋನೆಮಾರ್ಕ್ ಅವರ ಮೂಲ ಪದ್ಧತಿಯಲ್ಲಿ ಸ್ಕ್ರೂ ಕೂರಿಸಿ ಮೇಲೆ ವಸಡು ಹೊಲಿದು, ಕೆಳಗೆ 3 ತಿಂಗಳು, ಮೇಲೆ 6 ತಿಂಗಳು ಕಾಯಬೇಕಿತ್ತು. 1990ರ ದಶಕದಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಪಾಲೊ ಮಾಲೊ ಎಂಬ ವೈದ್ಯರು ಇದನ್ನು ಬೇರೆ ರೀತಿ ಯೋಚಿಸಿದರು. ಒಂದು ದವಡೆಗೆ ಆರೆಂಟು ಇಂಪ್ಲಾಂಟ್ ಯಾಕೆ? ಮುಂದೆ ಎರಡು ನೇರವಾಗಿ, ಹಿಂದೆ ಎರಡು ಓರೆಯಾಗಿ. ಹಿಂದಿನವು ಓರೆಯಾಗಿ ಕೂತಾಗ ನರವನ್ನೂ ಸೈನಸ್ಸನ್ನೂ ತಪ್ಪಿಸಿ ಉದ್ದ ಸ್ಕ್ರೂ ಹಾಕಬಹುದು, ಬೇರೆ ಕಡೆಯಿಂದ ಮೂಳೆ ತಂದು ತುಂಬುವ ಆಪರೇಷನ್ ಬಹಳ ಮಂದಿಗೆ ತಪ್ಪುತ್ತದೆ. ನಾಲ್ಕನ್ನೂ ಒಂದೇ ಪಟ್ಟಿಯಲ್ಲಿ ಬಿಗಿದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಹಾಗಾಗಿ ಅದೇ ದಿನ ಹಲ್ಲು ಕೂರಿಸಬಹುದು. ಆಲ್-ಆನ್-ಫೋರ್ ಎಂದು ನೀವು ಬೋರ್ಡುಗಳಲ್ಲಿ ನೋಡುವುದು ಇದನ್ನೇ.

ಒಂದೇ ದಿನ, ಮೂರೇ ದಿನ ಎಂಬ ಜಾಹೀರಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಆ ದಿನ ಸಾಮಾನ್ಯವಾಗಿ ಸಿಗುವುದು ಅಕ್ರಿಲಿಕ್ಕಿನ ತಾತ್ಕಾಲಿಕ ಹಲ್ಲು. ಮೂಳೆ ಹಿಡಿಯಲು ತಿಂಗಳುಗಳೇ ಬೇಕು. ಅದನ್ನು ಯಾವ ಕಂಪನಿಯೂ ಮೂರು ದಿನಕ್ಕೆ ಇಳಿಸಿಲ್ಲ. ಅಲ್ಲಿಯವರೆಗೆ ಅನ್ನ, ಇಡ್ಲಿ, ಉಪ್ಪಿಟ್ಟು, ಹಾಲಲ್ಲಿ ನೆನೆಸಿದ ರೊಟ್ಟಿ. ಹೊಸ ಹಲ್ಲು ಬಂದ ಉತ್ಸಾಹದಲ್ಲಿ ಮೂರನೇ ವಾರಕ್ಕೆ ಚಕ್ಕುಲಿ ಕಡಿದವರ ಇಂಪ್ಲಾಂಟ್ ಕೈಗೆ ಬಂದದ್ದುಂಟು. ಕೆಲವು ತಿಂಗಳ ನಂತರ ಮತ್ತೆ ಅಳತೆ ತೆಗೆದು ಕಾಯಂ ಹಲ್ಲು ಮಾಡುತ್ತಾರೆ, ಲೋಹದ ಪಟ್ಟಿಯ ಮೇಲೆ ಅಕ್ರಿಲಿಕ್ಕಿನದು ಅಥವಾ ಜಿರ್ಕೋನಿಯಾದ್ದು. ಮೊದಲು ಹೇಳಿದ ದರದಲ್ಲಿ ಈ ಎರಡನೆಯ ಸೆಟ್ ಸೇರಿದೆಯೋ ಇಲ್ಲವೋ, ಅದನ್ನು ಮುಂಚೆಯೇ ಕೇಳಿಕೊಳ್ಳಿ. ಜಗಳ ಹುಟ್ಟುವುದು ಅಲ್ಲೇ.

ದರದ ವಿಷಯ. ನಮ್ಮ ಊರುಗಳಲ್ಲಿ ಈಗ ಒಂದು ಇಂಪ್ಲಾಂಟಿಗೆ, ಕಂಪನಿ ಯಾವುದು, ಊರು ಯಾವುದು, ವೈದ್ಯರು ಯಾರು ಎಂಬುದನ್ನು ನೋಡಿ ಸುಮಾರು 20 ಸಾವಿರದಿಂದ 50 ಸಾವಿರ ರೂಪಾಯಿ. ಎರಡೂ ದವಡೆಗೆ ಪೂರ್ತಿ ಫಿಕ್ಸೆಡ್ ಎಂದರೆ ನಾಲ್ಕೈದು ಲಕ್ಷದಿಂದ ಮೇಲಕ್ಕೆ. ಆರೋಗ್ಯ ವಿಮೆ ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೊಡುವುದಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಕಡಲೆಗಿಂತ ಹಲ್ಲೇ ಇಷ್ಟು ದುಬಾರಿಯಾದೀತೆಂದು ಯಾರೂ ಎಣಿಸಿರಲಾರರು. ಜೀವನಪರ್ಯಂತ ಗ್ಯಾರಂಟಿ ಎನ್ನುತ್ತಾರಲ್ಲ, ಅದನ್ನು ಓದಿ ನೋಡಿ. ಕಂಪನಿ ಗ್ಯಾರಂಟಿ ಕೊಡುವುದು ಸಾಮಾನ್ಯವಾಗಿ ಆ ಲೋಹದ ತುಂಡಿಗೆ. ಅದು ಬಿದ್ದುಹೋದರೆ ಇನ್ನೊಂದು ತುಂಡು ಕೊಡುತ್ತಾರೆ. ಮತ್ತೆ ಆಪರೇಷನ್, ಮತ್ತೆ ಹಲ್ಲು, ಮತ್ತೆ ಓಡಾಟದ ಖರ್ಚು ನಿಮ್ಮದೇ.

ಈಗ ಆ ನಡುವಿನ ದಾರಿ. 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ತಜ್ಞರು ಸೇರಿ ಒಂದು ಹೇಳಿಕೆ ಹೊರಡಿಸಿದರು. ಹಲ್ಲೇ ಇಲ್ಲದ ಕೆಳದವಡೆಗೆ ಬರೀ ಸೆಟ್ ಕೊಡುವುದನ್ನು ಇನ್ನು ಮೇಲೆ ಮೊದಲ ಆಯ್ಕೆ ಎನ್ನಬಾರದು; ಎರಡು ಇಂಪ್ಲಾಂಟ್ ಹಾಕಿ ಅದರ ಮೇಲೆ ಸೆಟ್ ಕೂರಿಸುವುದೇ ಮೊದಲ ಆಯ್ಕೆಯಾಗಬೇಕು ಎಂದು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಅಲ್ಲಿಯ ತಜ್ಞರೂ ಅದೇ ಮಾತನ್ನು ಅನುಮೋದಿಸಿದರು. ನಮ್ಮ ಪಠ್ಯದಲ್ಲಿ ಇದೆ, ಪರೀಕ್ಷೆಯಲ್ಲಿ ಕೇಳುತ್ತೇವೆ, ವಿದ್ಯಾರ್ಥಿಗಳು ಬರೆಯುತ್ತಾರೆ. ಊರಿನ ಕ್ಲಿನಿಕ್ಕುಗಳಲ್ಲಿ ಇದು ಕಾಣುವುದು ಅಪರೂಪ.

ಕೆಳದವಡೆಯ ಮುಂಭಾಗದಲ್ಲಿ, ಎರಡು ಕೋರೆಹಲ್ಲು ಇದ್ದ ಜಾಗದಲ್ಲಿ, ಮೂಳೆ ಎಷ್ಟು ಕರಗಿದ್ದರೂ ಸಾಮಾನ್ಯವಾಗಿ ಸ್ವಲ್ಪ ಉಳಿದಿರುತ್ತದೆ. ಅಲ್ಲಿ ನರದ ಭಯವೂ ಕಡಿಮೆ. ಅಲ್ಲಿ ಎರಡು ಇಂಪ್ಲಾಂಟ್ ಹಾಕಿ, ಮೂಳೆ ಹಿಡಿದ ಮೇಲೆ ಅದರ ತಲೆಗೆ ಒಂದೊಂದು ಗುಬುಟು ಬಿಗಿಯುತ್ತಾರೆ. ಸೆಟ್ಟಿನ ಒಳಗೆ ಅದಕ್ಕೆ ಸರಿಯಾದ ಗುಳಿ. ಹಾಕಿಕೊಂಡು ಕಚ್ಚಿದರೆ ಅಂಗಿಯ ಟಿಚ್ ಬಟನ್ನಿನ ಹಾಗೆ ಟಕ್ಕೆಂದು ಕೂರುತ್ತದೆ. ರಾತ್ರಿ ಬೆರಳು ಕೊಟ್ಟು ಎತ್ತಿ ತೆಗೆದು ತೊಳೆದಿಡಬೇಕು. ಮೇಲೆ ಮಾಮೂಲಿ ಸೆಟ್ ಸಾಕು, ಅದು ಹೇಗೂ ನಿಲ್ಲುತ್ತದೆ. ಖರ್ಚು ಒಂದು ಲಕ್ಷದ ಆಸುಪಾಸು. ಈಗಿರುವ ಸೆಟ್ ಚೆನ್ನಾಗಿದ್ದರೆ ಅದರಲ್ಲೇ ಗುಳಿ ಮಾಡಿ ಕೂರಿಸಬಹುದು, ಇನ್ನೂ ಕಡಿಮೆ.

ಇದರಲ್ಲಿ ಕೊರತೆ ಇಲ್ಲವೆಂದಲ್ಲ. ಹಿಂಭಾಗದಲ್ಲಿ ಸೆಟ್ ಇನ್ನೂ ವಸಡಿನ ಮೇಲೇ ಕೂತಿರುತ್ತದೆ, ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಒಳಮೈ ಸರಿಮಾಡಿಸಬೇಕು. ಗುಳಿಯೊಳಗಿನ ನೈಲಾನ್ ಬಳೆ ಸವೆಯುತ್ತದೆ, ಆಗಾಗ ಬದಲಿಸಬೇಕು. ತೆಗೆದು ಹಾಕುವ ಹಲ್ಲೇ ಬೇಡ ಎನ್ನುವವರಿಗೆ ಇದು ಒಗ್ಗದು. ಆದರೆ ರೊಟ್ಟಿಯ ಪ್ರಶ್ನೆ ಕೇಳಿದ ಅಜ್ಜಂದಿರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಕ್ಕಳು ಮುಖ ಸಣ್ಣ ಮಾಡುತ್ತಾರೆ, ಅಪ್ಪನಿಗೆ ಅಗ್ಗದ್ದು ಕೊಡಿಸಿದೆವೇನೋ ಎಂದು. ಅಜ್ಜ ಮಾತ್ರ ಲೆಕ್ಕ ಹಾಕಿ, "ಎರಡ ಸಾಕು ಬಿಡ್ರಿ, ಉಳಿದ ರೊಕ್ಕಾ ಹೊಲಕ್ಕಾತು" ಎನ್ನುತ್ತಾರೆ. ಕೈಯಾಸರೆ ಬೇಕಾದ ವಯಸ್ಸಿನಲ್ಲಿ ತೆಗೆದು ತೊಳೆಯಬಹುದಾದ ಹಲ್ಲೇ ಮೇಲು ಎಂಬ ಇನ್ನೊಂದು ಕಾರಣವೂ ಇದೆ. ಹಾಸಿಗೆ ಹಿಡಿದವರ ಬಾಯಲ್ಲಿ ಬಿಗಿದ ಹಲ್ಲನ್ನು ಸ್ವಚ್ಛ ಮಾಡುವುದು ಸೊಸೆಗೋ ಮಗಳಿಗೋ ಎಷ್ಟು ಕಷ್ಟ ಎಂಬುದನ್ನು ಹಲ್ಲು ಕೂರಿಸುವ ದಿನ ಯಾರೂ ಯೋಚಿಸುವುದಿಲ್ಲ.

ನಮ್ಮ ರಾಜ್ಯದ ದಂತಭಾಗ್ಯ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತವಾಗಿ ಸೆಟ್ ಕಟ್ಟಿಕೊಡುತ್ತಾರೆ. ಒಳ್ಳೆಯ ಕೆಲಸ. ಕೆಳಗಿನ ಸೆಟ್ಟಿಗೆ ಎರಡು ಇಂಪ್ಲಾಂಟ್ ಸೇರಿಸಿದರೆ ಆ ಸೆಟ್ಟುಗಳು ಗೂಡಿನ ಮೇಲಿರುವ ಬದಲು ಬಾಯಲ್ಲಿರುತ್ತವೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಿಂದ ಹಿಡಿದು ಮಣಿಪಾಲ, ದಾವಣಗೆರೆ, ಬೆಳಗಾವಿ, ಧಾರವಾಡದವರೆಗೆ ನಮ್ಮಲ್ಲಿ ದಂತ ಕಾಲೇಜುಗಳಿಗೆ ಬರವಿಲ್ಲ. ಕೈಗಳಿವೆ, ಕುರ್ಚಿಗಳಿವೆ. ಖಾಸಗಿ ಕ್ಲಿನಿಕ್ಕಿನ ದರ ಭರಿಸಲಾಗದವರು ಕಾಲೇಜಿನ ಆಸ್ಪತ್ರೆಗಳಲ್ಲಿ ವಿಚಾರಿಸಿ ನೋಡುವುದು ಒಳ್ಳೆಯದು. ಸಮಯ ಹೆಚ್ಚು ಹಿಡಿಯುತ್ತದೆ, ದರ ಕಡಿಮೆ.

ಇನ್ನು ಯಾರು ನಿಲ್ಲಬೇಕು, ಯಾರು ಕಾಯಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಇಂಪ್ಲಾಂಟ್ ಆಗುವುದಿಲ್ಲ ಎಂಬುದು ತಪ್ಪು, ಹತೋಟಿಯಲ್ಲಿದ್ದರೆ ಆಗುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯಲ್ಲಿ 8ಕ್ಕಿಂತ ಹೆಚ್ಚಿದ್ದರೆ ಇಳಿಸಿಕೊಂಡು ಬನ್ನಿ ಎನ್ನುತ್ತೇವೆ. ಬೀಡಿ ಸಿಗರೇಟು ಬಿಡದವರಲ್ಲಿ ಇಂಪ್ಲಾಂಟ್ ಕೈಕೊಡುವ ಸಂಭವ ಹೆಚ್ಚು. ಗುಟ್ಕಾ, ಅಡಿಕೆ ತಿಂದು ತಿಂದು ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದವರ ಬಾಯೇ ಎರಡು ಬೆರಳು ತೆರೆಯುವುದಿಲ್ಲ, ಡ್ರಿಲ್ ಒಳಗೆ ಹೋಗುವುದಾದರೂ ಹೇಗೆ? ಆ ಬಾಯಿಗೆ ಮೊದಲು ಬೇಕಾದದ್ದು ಕ್ಯಾನ್ಸರ್ ತಪಾಸಣೆ. ಬಾಯಿ ಕ್ಯಾನ್ಸರಿಗೆ ರೇಡಿಯೇಷನ್ ಕೊಡಿಸಿಕೊಂಡವರು ಅದನ್ನು ಮುಚ್ಚಿಡಬಾರದು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವ ಹೆಂಗಸರು, ಅದು ಹಲ್ಲಿಗೆ ಸಂಬಂಧಿಸಿದ್ದಲ್ಲ ಎಂದು ಹೇಳುವುದೇ ಇಲ್ಲ. ಸಂಬಂಧ ಇದೆ. ಅಂಥ ಔಷಧದಿಂದ ಅಪರೂಪಕ್ಕಾದರೂ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಸತ್ತುಹೋಗಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವೇ ನಿಲ್ಲಿಸಿ ಬರಬೇಡಿ, ಹೃದಯದ ವೈದ್ಯರನ್ನು ಕೇಳಿ.

ಹಲ್ಲು ಕೂತ ಮೇಲಿನ ಕಥೆಯನ್ನು ಜಾಹೀರಾತು ಹೇಳುವುದೇ ಇಲ್ಲ. ಇಂಪ್ಲಾಂಟಿಗೆ ಹುಳುಕು ಹಿಡಿಯದು, ನಿಜ. ಆದರೆ ಅದರ ಸುತ್ತಲಿನ ವಸಡಿಗೆ, ಮೂಳೆಗೆ ಅದೇ ಹಳೆಯ ಕಾಯಿಲೆ ಬರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಇಂಪ್ಲಾಂಟ್ ಹಾಕಿಸಿಕೊಂಡ ಐದು ಜನರಲ್ಲಿ ಸುಮಾರು ಒಬ್ಬರಿಗೆ ಇದು ಬಂದಿದೆ. ವಸಡಿನ ಕಾಯಿಲೆಯಿಂದಲೇ ಹಲ್ಲು ಕಳೆದುಕೊಂಡವರಿಗೆ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಹಲ್ಲು ಹೋಯಿತೇ ಹೊರತು ಅದನ್ನು ಕಳೆದ ಅಭ್ಯಾಸ ಹೋಗಿಲ್ಲ. ಸಹಜ ಹಲ್ಲಿಗೂ ಮೂಳೆಗೂ ನಡುವೆ ನಾರಿನ ತೆಳು ಪದರವೊಂದಿದೆ, ಕಲ್ಲು ಕಡಿದರೆ ಥಟ್ಟನೆ ತಿಳಿಯುವುದು ಅದರಿಂದ. ಇಂಪ್ಲಾಂಟಿಗೆ ಆ ಪದರ ಇಲ್ಲ, ನೋವಿನ ಎಚ್ಚರಿಕೆಯೂ ಅಷ್ಟಿಲ್ಲ. ಫಿಕ್ಸೆಡ್ ಹಲ್ಲಿನ ಪಟ್ಟಿಗೂ ವಸಡಿಗೂ ನಡುವಿನ ಸಂದಿಯಲ್ಲಿ ದಿನವೂ ಸಣ್ಣ ಬ್ರಷ್ ತೂರಿಸಿ ಉಜ್ಜಬೇಕು. ಆರು ತಿಂಗಳಿಗೊಮ್ಮೆ ತೋರಿಸಬೇಕು. ಬೆಳಿಗ್ಗೆ ಎರಡು ನಿಮಿಷ ಹಲ್ಲುಜ್ಜಲು ಬೇಸರಿಸುವವರು ನಾಲ್ಕೈದು ಲಕ್ಷ ಖರ್ಚು ಮಾಡುವ ಮೊದಲು ಆ ಬ್ರಷ್ಷನ್ನು ಒಂದು ತಿಂಗಳು ಇರುವ ಹಲ್ಲಿಗೇ ಬಳಸಿ ನೋಡಲಿ ಎಂಬುದು ನನ್ನ ಸಲಹೆ. ಎಷ್ಟೋ ಸಲ ಆ ತಿಂಗಳ ಕೊನೆಗೆ ನಾಲ್ಕು ಹಲ್ಲು ಉಳಿಸಿಕೊಳ್ಳಬಹುದೆಂದು ಗೊತ್ತಾಗುತ್ತದೆ.

ಕಡೆಯ ಮಾತು ಬೇರೆ ಊರು, ಬೇರೆ ದೇಶದಲ್ಲಿರುವವರಿಗೂ ಸೇರಿ. ಅಮೆರಿಕದಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವ ನಮ್ಮವರು ರಜೆಗೆ ಬಂದಾಗ ಇಲ್ಲಿ ಇಂಪ್ಲಾಂಟ್ ಮಾಡಿಸಿಕೊಂಡು ಹೋಗುತ್ತಾರೆ. ಅಲ್ಲಿಯ ದರಕ್ಕೆ ಹೋಲಿಸಿದರೆ ಸಹಜವೇ. ಆದರೆ ಮೂಳೆ ನಿಮ್ಮ ರಜೆಯ ಲೆಕ್ಕ ನೋಡಿ ಬೆಳೆಯುವುದಿಲ್ಲ. ಎರಡು ರಜೆಗೆ ಹಂಚಿ ಮಾಡಿಸಿಕೊಳ್ಳಿ. ಸ್ವೀಡನ್, ಸ್ವಿಟ್ಜರ್ಲೆಂಡ್, ಕೊರಿಯಾ, ಇಸ್ರೇಲ್, ನಮ್ಮದೇ ದೇಶ, ಹೀಗೆ ನೂರಾರು ಕಂಪನಿಗಳ ಇಂಪ್ಲಾಂಟುಗಳು ಮಾರುಕಟ್ಟೆಯಲ್ಲಿವೆ. ಎಷ್ಟೋ ಕಂಪನಿಗಳ ಸ್ಕ್ರೂ ಬೇರೆ, ತಿರುಗಿಸುವ ಪಾನಾ ಬೇರೆ. ಹತ್ತು ವರ್ಷದ ಮೇಲೆ ಹಲ್ಲು ಸಡಿಲವಾಗಿ ಇನ್ನೊಬ್ಬ ವೈದ್ಯರ ಮುಂದೆ ಕೂತಾಗ, ಒಳಗಿರುವುದು ಯಾವುದೆಂದು ಗೊತ್ತಾಗದೆ ಎಕ್ಸ್-ರೇ ಹಿಡಿದು ಊಹೆ ಮಾಡುವ ಪಾಡು ನಮ್ಮದು. ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ; ಗೊತ್ತಿಲ್ಲದಿದ್ದರೆ ಕೆಲವೊಮ್ಮೆ ಹಲ್ಲನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಪ್ರತಿ ಇಂಪ್ಲಾಂಟಿನ ಡಬ್ಬಿಯಲ್ಲಿ ಕಂಪನಿಯ ಹೆಸರು, ಅಳತೆ, ಬ್ಯಾಚ್ ನಂಬರ್ ಇರುವ ಅಂಟುಚೀಟಿ ಇರುತ್ತದೆ. ಆಪರೇಷನ್ ಆದ ದಿನವೇ ಅದನ್ನು ಒಂದು ಕಾರ್ಡಿಗೆ ಅಂಟಿಸಿಕೊಡಿ ಎಂದು ವೈದ್ಯರನ್ನು ಕೇಳಿ. ಕೇಳದಿದ್ದರೆ ಬಹಳ ಕಡೆ ಕೊಡುವುದಿಲ್ಲ. ರೇಷನ್ ಕಾರ್ಡು, ಹೊಲದ ಪಹಣಿ ಇಡುವ ಕಡೆಯೇ ಅದನ್ನೂ ಇಡಿ, ಎಲ್ಲಿಟ್ಟಿದ್ದೀರಿ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ.